ಹಾಲಿನ ಡೈರಿ ಲೆಕ್ಕ: ಯಾರಿಗೆ ಯಾವ ಸ್ಕ್ರೀನ್?

ಕೋಲಾರ ತಾಲ್ಲೂಕಿನ ನಮ್ಮೂರ ಹಾಲಿನ ಡೈರಿಗೆ 140 ಜನ ಸದಸ್ಯರು. ದಿನಕ್ಕೆ ಎರಡು ಹೊತ್ತು ಹಾಲು. ಪ್ರತಿ ಹೊತ್ತಿಗೂ ಲೀಟರ್, ಫ್ಯಾಟ್ (ಕೊಬ್ಬಿನ ಶೇಕಡಾ), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದರ, ಹಣ. ಇದನ್ನೆಲ್ಲ ಮೈಕ್ರೋಸಾಫ್ಟ್ ಆಕ್ಸೆಸ್ ತಂತ್ರಾಂಶದಲ್ಲಿ ಡೇಟಾಬೇಸ್ ಮಾಡಿಕೊಟ್ಟೆ. ಅದಕ್ಕೆ ಎರಡು ದಿನ ಸಾಕಾಯಿತು. ಹೇಗೆ ತೋರಿಸಬೇಕು ಅನ್ನೋದಕ್ಕೆ ಎರಡು ತಿಂಗಳು ಹಿಡಿಯಿತು.

ಮೊದಲು ಒಬ್ಬೊಬ್ಬರಿಗೂ ಒಂದೊಂದು ಫಾರ್ಮ್, ಅಂದರೆ ಒಬ್ಬರ ಲೆಕ್ಕವಷ್ಟೇ ಕಾಣುವ ಸ್ಕ್ರೀನ್, ಮಾಡಿದ್ದೆ. ನೋಡಲು ಚೆನ್ನಾಗಿತ್ತು. ಆದರೆ ಬೆಳಿಗ್ಗೆ ಸಾಲು ನಿಂತಾಗ ಸೆಕ್ರೆಟರಿ ಅಣ್ಣ ಪ್ರತಿಯೊಬ್ಬರ ಫಾರ್ಮ್ ಹುಡುಕಿ ತೆರೆಯಬೇಕಿತ್ತು. ಮೂರನೇ ದಿನ ಅವರು ಹಳೇ ರಿಜಿಸ್ಟರ್ ತೆಗೆದರು. ಅದನ್ನು ಪಕ್ಕದಲ್ಲಿ ಕೂತು ನೋಡಿದಾಗಲೇ ನನಗೆ ಅರ್ಥವಾಗಿದ್ದು. ಅವರ ಕಣ್ಣಿಗೆ ಹೆಸರು ಬೇಡ, ಸದಸ್ಯರ ನಂಬರ್ ಬೇಕು. ಹಿಂದಿನ ಮುಂದಿನ ಸಾಲೂ ಒಟ್ಟಿಗೆ ಕಾಣಬೇಕು. ಹಾಗಾಗಿ ಡೇಟಾಶೀಟ್‌ಗೆ, ಅಂದರೆ ಎಲ್ಲರ ಲೆಕ್ಕವೂ ಸಾಲು ಸಾಲಾಗಿ ಕಾಣುವ ಪಟ್ಟಿಗೆ, ಬದಲಾಯಿಸಿದೆ. ಕಾಲಂಗಳನ್ನು ರಿಜಿಸ್ಟರಿನ ಕ್ರಮದಲ್ಲೇ ಇಟ್ಟೆ. ಅಂಕಿಗಳನ್ನು ಬಲಕ್ಕೆ ಜೋಡಿಸಿದೆ, 4.5ರ ಕೆಳಗೆ 12.0 ಬಂದರೆ ಚುಕ್ಕಿ ಚುಕ್ಕಿಗೆ ಸರಿಯಾಗಿ ಕೂರುತ್ತದೆ. ಹಾಲು ಹಾಕದ ದಿನ ಸೊನ್ನೆ ಬರೆಯದೆ ಖಾಲಿ ಬಿಟ್ಟೆ.

ಇದೇ ಪಟ್ಟಿಯನ್ನು ಸದಸ್ಯರು ನಿಲ್ಲುವ ಕಿಟಕಿಯ ಕಡೆಗೂ ತಿರುಗಿಸಿಟ್ಟಿದ್ದು ದೊಡ್ಡ ತಪ್ಪು. ಒಬ್ಬ ಅಜ್ಜಿ ಮೆಲ್ಲಗೆ ಕೇಳಿದರು: "ನನ್ನ ದುಡ್ಡು ಎಲ್ರಿಗೂ ಕಾಣ್ತದಲ್ಲಪ್ಪಾ?" ನಿಜ ಅಲ್ವಾ? ಅವತ್ತೇ ತೆಗೆದೆ. ಕಿಟಕಿಯ ಕಡೆಗೆ ಈಗ ಒಬ್ಬರದೇ ಫಾರ್ಮ್, ದಪ್ಪ ಅಕ್ಷರ, ನಾಲ್ಕೇ ಅಂಕಿ. ನಾನು ಮೊದಲು ಮಾಡಿದ್ದ ಫಾರ್ಮೇ ಅದು, ಈಗ ಸರಿಯಾದ ಜಾಗಕ್ಕೆ ಬಂತು.

ಜಾಸ್ತಿ ತಲೆಕೆಡಿಸಿದ್ದು ಫ್ಯಾಟ್. ಒಬ್ಬೊಬ್ಬರ ಎಲ್ಲ ಹೊತ್ತಿನ ಅಂಕಿಯನ್ನೂ ಗ್ರಾಫಿನಲ್ಲಿ ಒಂದೇ ಗೆರೆಯಾಗಿ ಎಳೆದೆ. ಗೆರೆ ಗರಗಸದ ಹಲ್ಲಿನಂತೆ ಮೇಲೆ ಕೆಳಗೆ ಆಡಿತು. ಮಷಿನ್ ಕೆಟ್ಟಿದೆಯಾ ಅಂತ ಜನ ಕೇಳಿದರು. ಮಷಿನ್ ಸರಿಯಾಗೇ ಇತ್ತು. ಬೆಳಿಗ್ಗೆ ಕರೆದು ಸಂಜೆ ಕರೆಯುವವರೆಗಿನ ಅಂತರ ರಾತ್ರಿಗಿಂತ ಕಡಿಮೆ. ಹಾಗಾಗಿ ಸಂಜೆ ಹಾಲು ಕಡಿಮೆ, ಫ್ಯಾಟ್ ಜಾಸ್ತಿ. ಸರಾಸರಿ ಹಾಕೋಣ ಅಂದರೆ ಅಲ್ಲೂ ಒಂದು ಗುಂಡಿ. ಬೆಳಿಗ್ಗೆ 6 ಲೀಟರ್‌ಗೆ 3.6, ಸಂಜೆ 4 ಲೀಟರ್‌ಗೆ 4.2 ಇದ್ದರೆ, ಸುಮ್ನೆ ಕೂಡಿ ಎರಡರಿಂದ ಭಾಗಿಸಿದರೆ 3.9. ಲೀಟರ್ ಲೆಕ್ಕ ಹಿಡಿದರೆ 3.84. ರೈತರ ಮುಂದೆ ತಪ್ಪು ಅಂಕಿ ಇಡಬಾರದು. ಹಾಗಾಗಿ ಬೆಳಿಗ್ಗೆಗೆ ಒಂದು, ಸಂಜೆಗೆ ಒಂದು, ಎರಡು ಗೆರೆ ಮಾಡಿದೆ. ಹಸು ಮೇವು ಬಿಟ್ಟರೆ, ಕಾಯಿಲೆ ಬಿದ್ದರೆ ಅದು ಆಗ ಕಾಣುತ್ತದೆ. ಅಳತೆಯನ್ನು ಸೊನ್ನೆಯ ಬದಲು 3ರಿಂದ ಶುರು ಮಾಡಿದೆ, ಇಲ್ಲದಿದ್ದರೆ ಗೆರೆ ಚಪ್ಪಟೆಯಾಗಿ ಏರಿಳಿತವೇ ತಿಳಿಯುವುದಿಲ್ಲ.

ಕಮಿಟಿಗೆ ಬೀದಿವಾರು ಹಾಲನ್ನು ಪೈ ಚಾರ್ಟಿನಲ್ಲಿ ಕೊಟ್ಟಿದ್ದೆ. ಏಳು ತುಂಡೂ ಹೆಚ್ಚುಕಡಿಮೆ ಒಂದೇ ಥರ, ಯಾವುದು ದೊಡ್ಡದು ಅಂತ ಯಾರಿಗೂ ಗೊತ್ತಾಗಲಿಲ್ಲ. ಅಡ್ಡ ಕಂಬಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ಮೇಲೆ ಒಂದೇ ನೋಟಕ್ಕೆ ತಿಳಿಯಿತು. ಕಂಬದಲ್ಲಿ ಕಣ್ಣು ಉದ್ದವನ್ನೇ ಅಳೆಯುವುದರಿಂದ ಅಲ್ಲಿ ಮಾತ್ರ ಸೊನ್ನೆಯಿಂದಲೇ ಶುರು ಮಾಡಬೇಕು.

ಈಗ ಬಟವಾಡೆ ಚೀಟಿಯ ಕೆಳಗೂ ಫ್ಯಾಟಿನ ಎರಡು ಗೆರೆ ಹಾಕುತ್ತಿದ್ದೇವೆ. ಡೈರಿಯ ಪ್ರಿಂಟರ್ ಕಪ್ಪು ಬಿಳುಪಿನದು. ಅದಕ್ಕೇ ಬಣ್ಣ ಬಿಟ್ಟು, ಬೆಳಿಗ್ಗೆಗೆ ಚುಕ್ಕಿ ಗೆರೆ, ಸಂಜೆಗೆ ದಪ್ಪ ಗೆರೆ.