ಊರಲ್ಲೇ ಅರ್ಜಿ ನೆರವು ಕೇಂದ್ರ ನಡೆಸುವುದು ಹೇಗೆ

ಸಕಲೇಶಪುರ, ಅರಕಲಗೂಡು ಕಡೆಯ ಮಕ್ಕಳು ವಿದ್ಯಾರ್ಥಿವೇತನದಂಥ ಒಂದು ಅರ್ಜಿಗಾಗಿ ಹಾಸನಕ್ಕೆ ಬಸ್ಸು ಹತ್ತಿ ದಿನದ ಕೂಲಿ ಕಳೆದುಕೊಳ್ಳಬಾರದು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಊರ ಗ್ರಂಥಾಲಯದಲ್ಲಿ) ಕಂಪ್ಯೂಟರ್ ಇದ್ದರೆ ವಾರಕ್ಕೊಂದು ಸಂಜೆ, ಕಲಿತ ಇಬ್ಬರು ಕೂತರೆ ಸಾಕು.

ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಜಾಲತಾಣದ ಅರ್ಜಿ ಹೆಚ್ಚಾಗಿ ನಿಲ್ಲುವುದು ಹೆಸರು ಹೊಂದದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇದ್ದು ಆಧಾರ್‌ನಲ್ಲಿ ಇಲ್ಲದಿದ್ದರೆ ಮೊದಲು ಆಧಾರ್ ಸರಿಪಡಿಸಿ; ಅಲ್ಲಿ ಹೆಸರು ಬದಲಿಸಲು 2 ಅವಕಾಶ ಮಾತ್ರ, ಅಕ್ಷರ ಅಕ್ಷರ ನೋಡಿ ಕೊಡಿ. ಆಮೇಲೆ ನಾಡಕಚೇರಿಯ ಜಾತಿ–ಆದಾಯ ಪತ್ರದ ಮೇಲೆ ‘ಆರ್‌ಡಿ’ ಎಂದು ಶುರುವಾಗುವ ಸಂಖ್ಯೆಯನ್ನು ಅರ್ಜಿಗಾಗಿ ಬರೆದಿಟ್ಟುಕೊಳ್ಳಿ.

ಹಣ ಮಂಜೂರಾದರೂ ಬರದಿದ್ದರೆ ಬ್ಯಾಂಕಿನಲ್ಲಿ ‘ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ’ ಎಂದೇ ಕೇಳಿ. ಸರ್ಕಾರದ ಹಣ ಆಧಾರ್ ಮೂಲಕ ಯಾವ ಖಾತೆಗೆ ಹೋಗಬೇಕೆಂದು ಗುರುತಿಸುವುದೇ ಈ ಮ್ಯಾಪಿಂಗ್; ಖಾತೆಗೆ ಆಧಾರ್ ಕೊಟ್ಟಿರುವುದು ಬೇರೆ, ಇದು ಬೇರೆ. ಎರಡು ಖಾತೆ ಇದ್ದರೆ ಹಣ ಹೋಗುವುದು ಕೊನೆಗೆ ಮ್ಯಾಪ್ ಮಾಡಿಸಿದ್ದಕ್ಕೆ. ಎಷ್ಟೋ ಮನೆಗಳಲ್ಲಿ ಹಣ ಬಂದಿರುತ್ತದೆ, ಮರೆತ ಪಾಸ್‌ಬುಕ್ಕಿನಲ್ಲಿ.

ಓದು ನಿಲ್ಲಿಸಿದವರಿಗೆ ಆರ್‌ಸೆಟಿ (ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ತರಬೇತಿ ಹೇಳಿ: ಊಟ, ವಸತಿ ಸೇರಿ ಉಚಿತ. ಪದವಿ ಮುಗಿಸಿ 180 ದಿನವಾದರೂ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರದ ಯುವನಿಧಿಯಲ್ಲಿ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500, ಗರಿಷ್ಠ 2 ವರ್ಷ, ಅರ್ಜಿ ಸೇವಾಸಿಂಧು ಜಾಲತಾಣದಲ್ಲಿ.

ಯಾರ ಓಟಿಪಿಯನ್ನೂ, ಪಾಸ್‌ವರ್ಡನ್ನೂ ಕೇಂದ್ರದವರು ಬರೆದಿಟ್ಟುಕೊಳ್ಳಬೇಡಿ. ಸ್ವೀಕೃತಿ ಸಂಖ್ಯೆಯನ್ನು ಮಾತ್ರ ವಿದ್ಯಾರ್ಥಿಯ ಪುಸ್ತಕದಲ್ಲೇ ಬರೆಸಿ ಕಳಿಸಿ.