ಪಲ್ಟನ್ ಗೆಳೆಯರು ಕೂಡಿ ವ್ಯಾಪಾರ ಮಾಡುವುದು ಹೇಗೆ?

ಸೇನೆಗೆ ಸಿಪಾಯಿಯಾಗಿ ಸೇರಿದವನು ಪೆನ್ಷನ್‌ಗೆ ಬೇಕಾದ 15 ವರ್ಷ ಮುಗಿಸಿ ಊರಿಗೆ ಬಂದಾಗ ವಯಸ್ಸು ಇನ್ನೂ ನಲವತ್ತರ ಒಳಗೇ ಇರುತ್ತದೆ. ಮಕ್ಕಳು ಶಾಲೆಯಲ್ಲಿ. ಕೈಯಲ್ಲಿ ಗ್ರಾಚ್ಯುಟಿ, ಕಮ್ಯುಟೇಶನ್ (ಪೆನ್ಷನ್‌ನ ಒಂದು ಭಾಗವನ್ನು ಮೊದಲೇ ಒಟ್ಟಿಗೆ ಪಡೆದ) ಹಣ. ಆಗ ಪಲ್ಟನ್‌ನ, ಅಂದರೆ ಸೇನಾ ತುಕಡಿಯ, ಹಳೇ ಗೆಳೆಯನ ಫೋನ್ ಬರುತ್ತದೆ: "ಇಬ್ಬರೂ ಸೇರಿ ಏನಾದರೂ ಮಾಡೋಣ ಕಣೋ."

ಒಳ್ಳೆಯ ಮಾತೇ. ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ ತಮ್ಮ ಹೆಲಿಕಾಪ್ಟರ್ ಕಂಪನಿ ಕಟ್ಟಿದ್ದು ಸೇನೆಯ ಗೆಳೆಯ ಕ್ಯಾಪ್ಟನ್ ಕೆ.ಜೆ. ಸ್ಯಾಮ್ಯುಯಲ್ ಜೊತೆ ಸೇರಿಯೇ. ಮುಂದೆ 2003ರಲ್ಲಿ ಅವರ ಕಡಿಮೆ ದರದ ವಿಮಾನ ಸಂಸ್ಥೆ ಏರ್ ಡೆಕ್ಕನ್ ಹಾರಿತು. ಆದರೆ ನಿವೃತ್ತನಾದ ಮೇಲೆ ನಾನು ಹತ್ತಿರದಿಂದ ನೋಡಿದ ಮೂರು ಜೋಡಿಗಳು ಎರಡೇ ವರ್ಷದಲ್ಲಿ ಬೇರೆಯಾದವು. ಮೂರೂ ಜೋಡಿಯ ವ್ಯಾಪಾರ ಚೆನ್ನಾಗಿತ್ತು. ಕಾಗದ ಮಾತ್ರ ಇರಲಿಲ್ಲ.

ಹಂತ 1: ಹಣ. ಕೈಗೆ ಬಂದ ಇಡುಗಂಟಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹಾಕಬೇಡಿ. ತಿಂಗಳ ಪೆನ್ಷನ್ ಮನೆಗೆ. ಅದನ್ನು ತೋರಿಸಿ ಸಾಲ ತೆಗೆದು ಅಂಗಡಿಗೆ ಸುರಿಯಬೇಡಿ.

ಹಂತ 2: ಕೆಲಸ. ಸಿಗ್ನಲ್ಸ್‌ನವನಿಗೆ (ಸೇನೆಯ ಸಂಪರ್ಕ ವಿಭಾಗ) ವೈರಿಂಗ್ ಗೊತ್ತು, ಎಎಸ್‌ಸಿಯವನಿಗೆ (ಸರಬರಾಜು, ಸಾಗಣೆ ವಿಭಾಗ) ಗಾಡಿ ಗೊತ್ತು, ಕ್ಲರ್ಕ್ ಆಗಿದ್ದವನಿಗೆ ಲೆಕ್ಕ ಗೊತ್ತು. ಅದಕ್ಕೆ ತಕ್ಕಂತೆ ಹಂಚಿಕೊಳ್ಳಿ.

ಹಂತ 3: ಪಾಲುದಾರಿಕೆ ಪತ್ರ. ಎಲ್ಲರೂ ಎಡವುವುದು ಇಲ್ಲೇ. "ಒಂದೇ ಬಂಕರ್‌ನಲ್ಲಿ ಮಲಗಿದವರು ನಾವು, ನಮಗ್ಯಾಕೆ ಸ್ಟಾಂಪ್ ಪೇಪರ್?" ಅನ್ನುತ್ತಾರೆ. ಆ ನಂಬಿಕೆ ನನಗೂ ದೊಡ್ಡದೇ. ಅದನ್ನು ಉಳಿಸಿಕೊಳ್ಳಬೇಕು ಅಂತಲೇ ಬರೆಯಿರಿ ಅನ್ನುತ್ತಿದ್ದೇನೆ.

ನೀವು ಬರೆಯದೆ ಬಿಟ್ಟ ಜಾಗವನ್ನು 1932ರ ಪಾಲುದಾರಿಕೆ ಕಾಯ್ದೆ ತಾನೇ ತುಂಬುತ್ತದೆ. ಒಬ್ಬ ಎಂಟು ಲಕ್ಷ, ಇನ್ನೊಬ್ಬ ಎರಡು ಲಕ್ಷ ಹಾಕಿದ್ದರೂ ಲಾಭ ಸಮಪಾಲು. ನಷ್ಟವೂ ಅಷ್ಟೇ. ದಿನವಿಡೀ ಅಂಗಡಿಯಲ್ಲಿ ಕೂತವನಿಗೆ ಬೇರೆ ಸಂಬಳ ಇಲ್ಲ. ಸಂಸ್ಥೆಯ ಸಾಲಕ್ಕೆ ಇಬ್ಬರ ಸ್ವಂತ ಆಸ್ತಿಯೂ ಹೊಣೆ. ಒಬ್ಬ ತೀರಿಕೊಂಡರೆ ಸಂಸ್ಥೆಯೇ ಮುಗಿಯಿತು. ಅಂಗಡಿಗೆ ಬೀಗ ಬಿದ್ದ ಮೇಲೆ ಆ ಮನೆಯ ಹೆಂಗಸು ಯಾರ ಹತ್ತಿರ ಹೋಗಿ ಏನು ಕೇಳಬೇಕು?

ಹಾಗಾಗಿ ಇಷ್ಟನ್ನಾದರೂ ಬರೆಯಿರಿ. ಯಾರದು ಎಷ್ಟು ಬಂಡವಾಳ. ಲಾಭದ ಪಾಲು ಎಷ್ಟು. ಕೂತು ದುಡಿಯುವವನಿಗೆ ತಿಂಗಳಿಗೆ ಎಷ್ಟು. ಎಷ್ಟು ಮೊತ್ತ ಮೀರಿದರೆ ಚೆಕ್‌ಗೆ ಇಬ್ಬರ ಸಹಿ ಬೇಕು. ಒಬ್ಬ ಬಿಟ್ಟುಹೋದರೆ ಅವನ ಪಾಲಿಗೆ ಬೆಲೆ ಕಟ್ಟುವವರು ಯಾರು, ಆ ಹಣ ಎಷ್ಟು ಕಂತಿನಲ್ಲಿ ಕೊಡಬೇಕು. ಸತ್ತರೆ ಮನೆಯವರಿಗೆ ಏನು ಸಿಗಬೇಕು. ಇದನ್ನು ಮಾತಾಡುವಾಗ ಇಬ್ಬರ ಹೆಂಡತಿಯರೂ ಎದುರಿಗೆ ಕೂತಿರಲಿ. ನೀವು ಗಡಿಯಲ್ಲಿದ್ದಾಗ ಮನೆಯ ದುಡ್ಡು ನಿಭಾಯಿಸಿದ್ದು ಅವರೇ ಅಲ್ವಾ?

ಸ್ಟಾಂಪ್ ಪೇಪರ್ ಅಂಗಡಿಯಲ್ಲಿ ಹೆಸರು ಮಾತ್ರ ಬದಲಿಸಿ ಕೊಡುವ ರೆಡಿಮೇಡ್ ಪತ್ರ ತೆಗೆದುಕೊಳ್ಳಬೇಡಿ. ನಾನು ನೋಡಿದ ಒಂದರಲ್ಲಿ ಎಣ್ಣೆ ಗಾಣದವರ ಪತ್ರದೊಳಗೆ "ಬಟ್ಟೆ ವ್ಯಾಪಾರ" ಅಂತಿತ್ತು. ವಕೀಲರಿಗೆ ಫೀಸು ಕೊಡಿ, ನಿಮ್ಮ ವ್ಯವಹಾರಕ್ಕೆ ತಕ್ಕಂತೆ ಬರೆಸಿ.

ಪತ್ರದಲ್ಲಿ ಬರೆಯಲಾಗದ ಇನ್ನೊಂದು ವಿಷಯ ಇದೆ, ಹುದ್ದೆ. ಸುಬೇದಾರರಾಗಿದ್ದವರೂ ಹವಾಲ್ದಾರನಾಗಿದ್ದವನೂ ಕೂಡಿದರೆ, ಇವನು "ಸಾಬ್" ಅನ್ನುವುದು ಬಿಡುವುದಿಲ್ಲ. ಬಿಡಬೇಕಾಗಿಯೂ ಇಲ್ಲ. ಆದರೆ ಸಾಬ್ ಗಲ್ಲಾದಿಂದ ಐದು ಸಾವಿರ ತೆಗೆದಾಗ ಯಾಕೆ ಅಂತ ಕೇಳಲು ನಾಲಿಗೆ ಏಳುವುದಿಲ್ಲ. ನಾನು ನೋಡಿದ ಮೂರರಲ್ಲಿ ಎರಡು ಜೋಡಿ ಒಡೆದದ್ದು ಹೀಗೆ ನುಂಗಿಕೊಂಡ ಮಾತುಗಳಿಂದಲೇ. ತಿಂಗಳಿಗೊಂದು ದಿನ ಲೆಕ್ಕಕ್ಕೆ ಅಂತಲೇ ಕೂರಿ. ಅವತ್ತು ಪುಸ್ತಕ ತೆರೆದು ಓದುವವನು ಹುದ್ದೆಯಲ್ಲಿ ಚಿಕ್ಕವನಾಗಿದ್ದವನೇ ಆಗಿರಲಿ.

ಹಂತ 4: ನೋಂದಣಿ. ಪತ್ರ ಬರೆಸಿ ಬೀರುವಿನಲ್ಲಿ ಇಟ್ಟರೆ ಸಾಲದು. ನೋಂದಣಿ ಆಗದ ಸಂಸ್ಥೆಗೆ ತನ್ನ ವ್ಯಾಪಾರದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲು ಬರುವುದಿಲ್ಲ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಯನ್ನೂ ಮಾಡಿಸಿ. ಸರ್ಕಾರದ ಜಾಲತಾಣದಲ್ಲಿ ಅದು ಪೂರ್ತಿ ಉಚಿತ. ಸರ್ಕಾರಿ ಪುಟದಂತೆಯೇ ಕಾಣುವ ತಾಣ ಮಾಡಿಕೊಂಡು ಅದಕ್ಕೇ ಸಾವಿರಾರು ರೂಪಾಯಿ ಕೀಳುವವರಿದ್ದಾರೆ, ಹುಷಾರು. ಸರಕು ತಯಾರಿಸುವ ಅಥವಾ ಸೇವೆ ಕೊಡುವ ಸಣ್ಣ ಉದ್ಯಮಕ್ಕೆ ಇದರಿಂದ ಒಂದು ಬಲ ಬರುತ್ತದೆ: ಮಾಲು ಒಪ್ಪಿಕೊಂಡ ಕಂಪನಿ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, 45 ದಿನದೊಳಗೆ ಹಣ ಕೊಡಬೇಕು.

ಹಂತ 5: ಉಳಿದ ಮಾಜಿ ಸೈನಿಕರ ಪಾಲು. ಗೆಳೆಯ ಅಂಗಡಿ ತೆರೆದರೆ ಅಲ್ಲಿಂದಲೇ ಕೊಳ್ಳಿ, ಪೂರ್ತಿ ಬೆಲೆ ಕೊಟ್ಟು ಕೊಳ್ಳಿ. "ನಮ್ಮವನಲ್ವಾ" ಅಂತ ಡಿಸ್ಕೌಂಟ್ ಕೇಳಬೇಡಿ, ಸಾಲ ಅಂತೂ ಹೇಳಲೇಬೇಡಿ. ಹತ್ತು ಜನ ಗೆಳೆಯರು ಉಳಿಸಿಕೊಂಡ ಬಾಕಿಯಿಂದ ಮುಚ್ಚಿದ ಕಿರಾಣಿ ಅಂಗಡಿಯನ್ನು ನಾನು ಕಂಡಿದ್ದೇನೆ. ಅವನು ಕೊನೆವರೆಗೂ ಒಬ್ಬರನ್ನೂ ಬಾಯಿಬಿಟ್ಟು ಕೇಳಲಿಲ್ಲ. ನಿಮ್ಮ ಬಾಕಿ ಎಲ್ಲಾದರೂ ಹಾಗೆ ಉಳಿದಿದ್ದರೆ ಈ ಭಾನುವಾರವೇ ಹೋಗಿ ಕೊಟ್ಟು ಬನ್ನಿ.