ಕಾಲು ಕೂರದೆ ಅಲೈನ್‌ಮೆಂಟ್ ಕೂರಲಿಲ್ಲ

ಮೋಟಾರ್ ಶಾಫ್ಟನ್ನು ಪಂಪ್ ಶಾಫ್ಟಿಗೆ ಜೋಡಿಸುವ ಕಪ್ಲಿಂಗ್‌ನ ಗಾರ್ಡ್ (ಮುಚ್ಚಳ) ತೆಗೆದೆ. ಕೆಳಗೆಲ್ಲ ಕಪ್ಪು ರಬ್ಬರ್ ಪುಡಿ. ನಾಲ್ಕು ತಿಂಗಳಲ್ಲಿ ಇದು ಹಾಳಾದ ಎರಡನೇ ಸ್ಪೈಡರ್, ಅಂದರೆ ಕಪ್ಲಿಂಗ್ ನಡುವಿನ ರಬ್ಬರ್ ತುಂಡು. 1480 ಆರ್‌ಪಿಎಂ ಮೋಟಾರ್, ಅದಕ್ಕೆ ಜೋಡಿಸಿದ ತಣ್ಣೀರಿನ ಪಂಪ್. ಹಿಂದಿನ ಸಲ ನಾನೇ ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ) ಇಟ್ಟು, ಸಂದಿಯಲ್ಲಿ ಬೆಳಕು ಕಾಣದಿದ್ದಕ್ಕೆ ಅಲೈನ್‌ಮೆಂಟ್, ಅಂದರೆ ಎರಡೂ ಶಾಫ್ಟ್ ಒಂದೇ ಗೆರೆಯಲ್ಲಿರುವುದು, ಸರಿ ಇದೆ ಅಂದುಕೊಂಡಿದ್ದೆ.

ಈ ಸಲ ಕರೆಂಟ್ ಕಡಿದು, ಬೀಗ ಹಾಕಿ, ಟ್ಯಾಗ್ ಕಟ್ಟಿ, ಕೂದಲೆಳೆಯಷ್ಟು ಅಲ್ಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಹಿಡಿದು ಕೂತೆ. ಬ್ರಾಕೆಟ್ ಮೋಟಾರ್ ಕಡೆ, ಡಯಲ್‌ನ ಮೊನೆ ಪಂಪ್ ಹಬ್ (ಕಪ್ಲಿಂಗ್‌ನ ಪಂಪ್ ಕಡೆಯ ಅರ್ಧ) ಮೇಲೆ. ಮೇಲೆ ಸೊನ್ನೆ ಮಾಡಿ ಎರಡೂ ಶಾಫ್ಟ್ ಒಟ್ಟಿಗೆ ತಿರುಗಿಸಿದೆ. ಬ್ರಾಕೆಟ್ ಜೋಲುವುದನ್ನು ಕಳೆದ ಮೇಲೆ ಎಡಕ್ಕೆ ಮೈನಸ್ 0.14 ಮಿ.ಮೀ., ಬಲಕ್ಕೆ ಮೈನಸ್ 0.26, ಕೆಳಗೆ ಮೈನಸ್ 0.40. ಎಡ, ಬಲ ಕೂಡಿದರೆ ಕೆಳಗಿನದು ಬರಬೇಕು. ಬಂತು, ಹಾಗಾಗಿ ರೀಡಿಂಗ್ ನಂಬಬಹುದು. ಆದರೆ ಅರ್ಧ ಸುತ್ತಿಗೆ ಡಯಲ್ ಎರಡು ಪಟ್ಟು ತೋರಿಸುತ್ತೆ; ಮೋಟಾರ್ ತಗ್ಗಿರುವುದು ಇದರ ಅರ್ಧ, 0.20 ಮಿ.ಮೀ. ಮಾತ್ರ. ಹೊಸಬರು ಪೂರ್ತಿ 0.40 ಶಿಮ್ (ಕಾಲಿನಡಿ ಇಡುವ ತೆಳು ಲೋಹದ ಹಾಳೆ) ಹಾಕಿಬಿಡುವುದು ಇಲ್ಲೇ. ಕೋನದ ವ್ಯತ್ಯಾಸ ತೀರಾ ಕಮ್ಮಿ ಇತ್ತು, ಹಾಗಾಗಿ ನಾಲ್ಕೂ ಕಾಲಿಗೆ 0.20 ಹಾಕಿದೆ.

ಬೋಲ್ಟ್ ಬಿಗಿದು ನೋಡಿದರೆ ಕೆಳಗೆ ಮೈನಸ್ 0.12. ಸಡಿಲಿಸಿ ಮತ್ತೆ ಬಿಗಿದೆ, ಪ್ಲಸ್ 0.06. ಪ್ರತಿ ಸಲ ಬೇರೆ ಬೇರೆ! ಒಂದು ಗಂಟೆ ಸುಮ್ನೆ ಗೇಜನ್ನೇ ಅನುಮಾನಿಸಿದೆ.

ಆಮೇಲೆ ಡಯಲನ್ನು ಮೋಟಾರಿನ ಕಾಲುಗಳ ಮೇಲೆ ಇಟ್ಟೆ. ಒಂದೊಂದೇ ಬೋಲ್ಟ್ ಸಡಿಲಿಸಿ, ನೋಡಿ, ಮತ್ತೆ ಬಿಗಿಯುತ್ತಾ ಹೋದೆ. ಮೂರು ಕಾಲು ಅಲ್ಲಾಡಲಿಲ್ಲ. ಹಿಂದಿನ ಎಡಗಾಲಿನ ಬೋಲ್ಟ್ ಬಿಟ್ಟ ತಕ್ಷಣ ಮುಳ್ಳು 0.23 ಜಿಗಿಯಿತು. ಸಾಫ್ಟ್ ಫುಟ್ ಅನ್ನುವುದು ಇದನ್ನೇ, ಕುಂಟು ಮೇಜಿನ ಕಾಲಿದ್ದ ಹಾಗೆ. ಬಿಗಿದಾಗಲೆಲ್ಲ ಮೋಟಾರಿನ ಮೈಯೇ ತಿರುಚಿಕೊಳ್ಳುತ್ತೆ, ಅದು ಬೇರಿಂಗನ್ನೂ ತಿನ್ನುತ್ತೆ. 0.05 ದಾಟಿದರೆ ನಾನು ಮುಂದಕ್ಕೆ ಹೋಗುವುದಿಲ್ಲ.

ಕಾಲು ಎತ್ತಿ ನೋಡಿದೆ. ಆರು ತೆಳು ಶಿಮ್, ಅದರಲ್ಲಿ ಎರಡು ಮುದುರಿ ಹೋಗಿದ್ದವು. ಮಧ್ಯೆ ಬಣ್ಣದ ಚಕ್ಕೆ, ತುಕ್ಕು. ಬೋಲ್ಟ್ ತೂತಿನ ಅಂಚಿನಲ್ಲಿ ಉಬ್ಬಿದ ಲೋಹದ ಚೂಪು (ಬರ್). ಅರದಿಂದ ಬರ್ ತೆಗೆದು, ಬೇಸ್ ಪ್ಲೇಟ್ ಲೋಹ ಕಾಣುವ ತನಕ ಉಜ್ಜಿ, ಅಷ್ಟೇ ದಪ್ಪಕ್ಕೆ ಎರಡು ಸ್ಟೇನ್‌ಲೆಸ್ ಶಿಮ್ ಹಾಕಿದೆ. ಜಿಗಿತ 0.03ಕ್ಕೆ ಇಳಿಯಿತು. ಅಲ್ಲಿಂದ ಎಷ್ಟು ಸಲ ಬಿಗಿದರೂ ರೀಡಿಂಗ್ ಒಂದೇ. ಆ ಖುಷಿ ಈ ಕೆಲಸ ಮಾಡಿದವರಿಗೇ ಗೊತ್ತು, ಅಲ್ವಾ?

ಉಳಿದದ್ದು ಬೇಗ ಮುಗಿಯಿತು. ಮೊದಲು ಎತ್ತರ, ಆಮೇಲೆ ಮೋಟಾರನ್ನು ತಳ್ಳುವ ಜಾಕ್ ಬೋಲ್ಟ್‌ನಿಂದ ಅಡ್ಡಕ್ಕೆ. ಮೋಟಾರಿನ ಎತ್ತರವನ್ನು ಬೇಕೆಂದೇ 0.08 ತಗ್ಗಿಸಿ ಬಿಟ್ಟೆ. ಕಾಲಿನಿಂದ ಶಾಫ್ಟ್‌ಗೆ 250 ಮಿ.ಮೀ. ಇರುವ ಎರಕದ ಕಬ್ಬಿಣದ ಮೈ 30 ಡಿಗ್ರಿ ಬಿಸಿಯಾದರೆ ಹೆಚ್ಚೂಕಮ್ಮಿ ಅಷ್ಟೇ ಏಳುತ್ತೆ. ತಣ್ಣೀರಿನ ಪಂಪ್ ಏಳುವುದಿಲ್ಲ.

ಕೊನೆಗೆ ಡಯಲ್ ಹಾಗೇ ಇಟ್ಟು, ಪೈಪನ್ನು ಪಂಪಿಗೆ ಜೋಡಿಸುವ ಫ್ಲ್ಯಾಂಜ್ ಸಡಿಲಿಸಿದೆ. ಮುಳ್ಳು 0.10 ಸರಿಯಿತು! ಪೈಪ್ ಪಂಪನ್ನೇ ಎಳೆದು ಹಿಡಿದಿತ್ತು. ಪೈಪ್ ಸಪೋರ್ಟ್ ಎತ್ತರಿಸಿ, ಅಲೈನ್‌ಮೆಂಟನ್ನು ಇನ್ನೊಂದು ಸಲ ಮೊದಲಿನಿಂದ ಮಾಡಿದೆ. ಬೇಜಾರಾಯ್ತು, ಆದರೆ ಮಾಡಿದೆ.

ಆರು ತಿಂಗಳ ನಂತರ ಗಾರ್ಡ್ ತೆಗೆದು ಕೆಳಗೆ ಬೆರಳಾಡಿಸಿದೆ. ಬರೀ ಧೂಳು.